ಸಂತೆಯಲ್ಲಿ ಸಿಕ್ಕ ‘ಗ್ಯೊಕುದೋ’ ಚಿತ್ರ ಅಸಲಿಯಾ?

ಪ್ರಶ್ನೆ: ಮೇಡಂ, ನನ್ನ ಊರು ಮಂಗಳೂರು. ಈಗ ಓಸಾಕಾದಲ್ಲಿ ಕೆಲಸ. ಕ್ಯೋಟೊದ ತೋಜಿ ದೇವಾಲಯದಲ್ಲಿ ಪ್ರತಿ ತಿಂಗಳು 21ರಂದು ನಡೆಯುವ ಹಳೇ ಸಾಮಾನಿನ ಸಂತೆಗೆ ಹೋಗಿದ್ದೆ. ಅಲ್ಲಿ ಗೋಡೆಗೆ ನೇತುಹಾಕುವ ಒಂದು ಸುರುಳಿ ಚಿತ್ರವನ್ನು 18,000 ಯೆನ್‌ಗೆ ಕೊಂಡೆ. ಬೆಟ್ಟ, ಮರ, ಸಣ್ಣ ಸೇತುವೆ. ಸೇತುವೆ ಮೇಲೆ ಒಬ್ಬ ಮುದುಕ ಉದ್ದನೆಯ ವಾದ್ಯವನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಿದ್ದಾನೆ. ಮಸಿಯನ್ನು ಬೀಸಿ ಬೀಸಿ ಬಳಿದ ಹಾಗಿದೆ, ಅಲ್ಲಲ್ಲಿ ಹರಡಿಕೊಂಡಿದೆ. ಮಾರಿದವರು, “ಇದು ಗ್ಯೊಕುದೋ, ಎದೋ ಕಾಲದ್ದು (1603ರಿಂದ 1868). ಕೊತೊ ನುಡಿಸುತ್ತಿದ್ದ ಸಮುರಾಯ್. ಐವತ್ತಕ್ಕೆ ಕೆಲಸ ಬಿಟ್ಟು ಚಿತ್ರಕಾರನಾದ. ಕುಡಿದೇ ಬರೆಯುತ್ತಿದ್ದ, ಅದಕ್ಕೇ ಚಿತ್ರ ಹೀಗಿದೆ” ಎಂದರು. ಸಹಿಯಲ್ಲಿ ಎರಡು ಅಕ್ಷರ, ಕೆಳಗೆ ಕೆಂಪು ಮುದ್ರೆ. ಮರದ ಪೆಟ್ಟಿಗೆಯ ಮುಚ್ಚಳದ ಮೇಲೂ ಏನೋ ಬರೆದಿದೆ. ಚಿತ್ರದ ತುಂಬ ಕಂದು ಚುಕ್ಕೆಗಳಿವೆ, ಒಂದು ಅಂಚು ಎದ್ದಿದೆ. ಹೆಂಡತಿ ಬೂಷ್ಟು ಎನ್ನುತ್ತಾಳೆ. ಗೆಳೆಯರೊಬ್ಬರು ಹಿಂದಿನ ಕಾಗದ, ಬಟ್ಟೆ ಎಲ್ಲ ಹೊಸದಾಗಿ ಹಾಕಿಸಿ ಎನ್ನುತ್ತಾರೆ. ಮುಂದಿನ ವರ್ಷ ಊರಿಗೆ ಬರುವಾಗ ತರಬೇಕೆಂದಿದ್ದೇನೆ. ಇದು ಅಸಲಿಯಾ? ನಾನೇನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಕಾಣುತ್ತಿವೆ. ಮೋಸ ಹೋದೆನಾ ಎನ್ನುವುದು ಒಂದು. ಅಸಲಿಯೇ ಆಗಿದ್ದು ನನ್ನ ಕೈಯಲ್ಲಿ ಹಾಳಾದರೆ ಎನ್ನುವುದು ಇನ್ನೊಂದು. ನೇರವಾಗಿ ಹೇಳಿಬಿಡುತ್ತೇನೆ. ಉರಗಾಮಿ ಗ್ಯೊಕುದೋನ ಅಸಲಿ ಚಿತ್ರ ಸಂತೆಯಲ್ಲಿ 18,000 ಯೆನ್‌ಗೆ ಸಿಗುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಚಿತ್ರ ನೋಡದೆ ತೀರ್ಪು ಕೊಡಲಾರೆ. ಆದರೆ ನೀವು ಬರೆದಿರುವ ವಿವರಗಳಲ್ಲೇ ಅನುಮಾನಕ್ಕೆ ಕಾರಣಗಳಿವೆ. ಅದರಲ್ಲಿ ದೊಡ್ಡದು ಆ ‘ಬೀಸಿ ಬೀಸಿ ಬಳಿದ’ ಮಸಿ.

ಮಾರಿದವರು ಹೇಳಿದ ಕಥೆ ಪೂರ್ತಿ ಸುಳ್ಳಲ್ಲ. ಅರ್ಧ ನಿಜ. ಈ ವ್ಯಾಪಾರದಲ್ಲಿ ಹೆಚ್ಚು ತೊಂದರೆ ಕೊಡುವುದು ಅಂಥ ಕಥೆಗಳೇ.

ಗ್ಯೊಕುದೋ ಹುಟ್ಟಿದ್ದು 1745ರಲ್ಲಿ, ಈಗಿನ ಒಕಾಯಾಮಾ ಪ್ರಾಂತ್ಯದಲ್ಲಿ. ಅಲ್ಲಿನ ಇಕೆದಾ ಮನೆತನದ ಶಾಖೆಯಾದ ಕಾಮೊಗತಾ ಸಂಸ್ಥಾನದ ಸಮುರಾಯ್ ಅಧಿಕಾರಿ. ನುಡಿಸುತ್ತಿದ್ದದ್ದು ಕೊತೊ ಅಲ್ಲ. ಕೊತೊಗೆ 13 ತಂತಿ, ಪ್ರತಿ ತಂತಿಯ ಕೆಳಗೂ ಜರುಗಿಸಬಹುದಾದ ಒಂದು ಕುದುರೆ (ತಂತಿಯನ್ನು ಎತ್ತಿ ಹಿಡಿಯುವ ಸಣ್ಣ ಆಸರೆ) ಇರುತ್ತದೆ. ಇವನದು ಚೀನಾದಿಂದ ಬಂದ ಏಳು ತಂತಿಯ ಕಿನ್. ಇದಕ್ಕೆ ಕುದುರೆಯೂ ಇಲ್ಲ, ಮೆಟ್ಟುಗಳೂ ಇಲ್ಲ. ರೇಷ್ಮೆಯ ತಂತಿ. ಬಲಗೈ ಮೀಟುತ್ತದೆ, ಎಡಗೈ ಬೆರಳು ತಂತಿಯ ಮೇಲೆ ಜಾರುತ್ತದೆ. ಸ್ವರದ ಜಾಗ ತೋರಿಸಲು ಪಕ್ಕದಲ್ಲಿ 13 ಸಣ್ಣ ಚುಕ್ಕೆಗಳನ್ನು ಕೂರಿಸಿರುತ್ತಾರೆ, ಅಷ್ಟೇ. ನಮ್ಮ ಗೋಟುವಾದ್ಯ ಕೇಳಿದವರಿಗೆ ಆ ಜಾರು ನಾದ ಅಪರಿಚಿತವಲ್ಲ. ಆದರೆ ಕಿನ್ ತುಂಬಾ ಮೆಲು ದನಿಯದು. ಪಕ್ಕದ ಕೋಣೆಗೂ ಸರಿಯಾಗಿ ಕೇಳಿಸುವುದಿಲ್ಲ. ಸಭೆಗಾಗಿ ನುಡಿಸುವ ವಾದ್ಯವೇ ಅಲ್ಲ ಅದು. ತನಗಾಗಿ, ಹೆಚ್ಚೆಂದರೆ ಒಬ್ಬಿಬ್ಬರು ಗೆಳೆಯರಿಗಾಗಿ.

ಹಳೇ ಕಾಲದಲ್ಲಿ ಜಪಾನಿನಲ್ಲಿದ್ದು ಮರೆಯಾಗಿದ್ದ ಈ ವಾದ್ಯವನ್ನು ಮತ್ತೆ ಕಲಿಸಿದವನು ತೋಕೋ ಶಿನ್‌ಎತ್ಸು ಎಂಬ ಚೀನೀ ಸನ್ಯಾಸಿ. 1677ರಲ್ಲಿ ಜಪಾನಿಗೆ ಬಂದವನು. ಅವನ ಪರಂಪರೆ ಕೈಯಿಂದ ಕೈಗೆ ದಾಟಿ, ಎದೋ ನಗರದ (ಈಗಿನ ಟೋಕಿಯೊ) ತಾಕಿ ರಾಂಕೆಇ ಎಂಬ ವೈದ್ಯನ ಮೂಲಕ ಇವನಿಗೆ ಸಿಕ್ಕಿತು. 1779ರಲ್ಲಿ ಚೀನಾದ ಮಿಂಗ್ ಕಾಲದ ಒಂದು ಕಿನ್ ಇವನ ಕೈ ಸೇರಿತು. ಅದರ ಮೇಲೆ ಕೊರೆದಿದ್ದ ‘ಗ್ಯೊಕುದೋ’ ಎಂಬ ಹೆಸರನ್ನೇ ತನ್ನ ಹೆಸರಾಗಿ ಇಟ್ಟುಕೊಂಡ. ಹಿರಿಯ ಮಗ ಶುನ್‌ಕಿನ್, ಕಿರಿಯ ಶೂಕಿನ್. ವಸಂತದ ಕಿನ್, ಶರತ್ತಿನ ಕಿನ್. ವಾದ್ಯದ ಹುಚ್ಚು ಎಷ್ಟಿತ್ತೆಂದು ಇದರಲ್ಲೇ ತಿಳಿಯುತ್ತದೆ ಅಲ್ವಾ.

ಇನ್ನು ‘ಕೆಲಸ ಬಿಟ್ಟು ಚಿತ್ರಕಾರನಾದ’ ಎನ್ನುವ ಮಾತು. 1794ರಲ್ಲಿ, ಜಪಾನಿನ ಲೆಕ್ಕದಲ್ಲಿ ಐವತ್ತು ತುಂಬಿದ್ದಾಗ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಸಂಸ್ಥಾನ ಬಿಟ್ಟದ್ದು ನಿಜ. ಕಿನೊಸಾಕಿಯ ಬಿಸಿನೀರಿನ ಬುಗ್ಗೆಗೆ ಹೋದವನು ಸೇವೆ ಬಿಟ್ಟೆನೆಂದು ಅಲ್ಲಿಂದಲೇ ತಿಳಿಸಿಬಿಟ್ಟ. ಸಮುರಾಯ್ ಹೀಗೆ ಅಪ್ಪಣೆ ಇಲ್ಲದೆ ಹೊರಡುವುದು ಆಗ ಗಂಭೀರ ಅಪರಾಧ. ಇದು ಒಂದೇ ದಿನದಲ್ಲಿ ತಲೆಗೆ ಹೊಳೆದದ್ದಲ್ಲ. ಇವನು ಸೇವೆ ಮಾಡುತ್ತಿದ್ದ ಯುವ ದೊರೆ 1768ರಲ್ಲೇ ತೀರಿಕೊಂಡಿದ್ದ. 1787ರಲ್ಲಿ ಇವನನ್ನು ದೊಡ್ಡ ಹುದ್ದೆಯಿಂದ ಕೆಳಗಿಳಿಸಿದರು. 1790ರಲ್ಲಿ ಸರ್ಕಾರ ತಾನು ಒಪ್ಪಿದ ಕನ್‌ಫ್ಯೂಷಿಯಸ್ ಪಂಥ ಒಂದನ್ನು ಬಿಟ್ಟು ಉಳಿದ ಪಾಠಗಳಿಗೆ ತಡೆ ಹಾಕಿತು. ಇವನ ಒಡನಾಟ ಆ ‘ಉಳಿದ’ವರ ಜೊತೆಗೂ ಇತ್ತು. 1792ರಲ್ಲಿ ಹೆಂಡತಿ ಹೋದಳು. ಇಷ್ಟೆಲ್ಲ ಆದಮೇಲೆ ಊರು ಬಿಟ್ಟ. ಬಿಟ್ಟಾಗ ಜೊತೆಗೆ ಕಿನ್ ಇತ್ತು. ಮರುವರ್ಷ ಉತ್ತರದ ಐಜು ಸಂಸ್ಥಾನದಲ್ಲಿ ಇವನಿಗೆ ಸಿಕ್ಕ ಕೆಲಸವೂ ಸಂಗೀತದ್ದೇ: ಅಲ್ಲಿನ ದೇವಾಲಯದ ಪೂಜಾ ಸಂಗೀತವನ್ನು ಮತ್ತೆ ಕಟ್ಟಿಕೊಡುವುದು. ಚಿಕ್ಕ ಮಗನಿಗೆ ಅಲ್ಲೇ ನೌಕರಿಯಾಯಿತು. ಅಪ್ಪ ಮಾತ್ರ ಮತ್ತೆ ಹೊರಟ.

ಅದಕ್ಕೂ ಮೊದಲೇ, 1791ರಲ್ಲಿ, ಹಳೇ ಆಸ್ಥಾನದ ಹಾಡುಗಳನ್ನು ಕಿನ್‌ಗೆ ಅಳವಡಿಸಿ ಪುಸ್ತಕ ಅಚ್ಚು ಹಾಕಿಸಿದ್ದ. ಅಂದರೆ ಆ ಕಾಲದವರ ಕಣ್ಣಿಗೆ ಇವನು ಮೊದಲು ವಾದ್ಯಗಾರ. ಇವತ್ತು ನಾವು ಕೊಂಡಾಡುವ ಚಿತ್ರಗಳು ಬಹುಪಾಲು ಅರವತ್ತು ದಾಟಿದ ಮೇಲಿನವು. ಹನ್ನೆರಡು ಪುಟಗಳ ಪ್ರಸಿದ್ಧ ಚಿತ್ರಸಂಪುಟ ‘ಎಂಕಾಜೋ’ 1811ರದ್ದು. ಕೊನೆಗಾಲಕ್ಕೆ ಕ್ಯೋಟೊದಲ್ಲಿ ಮಗ ಶುನ್‌ಕಿನ್ ಜೊತೆ ನೆಲೆಸಿ 1820ರಲ್ಲಿ ತೀರಿಕೊಂಡ. ಬದುಕಿದ್ದಾಗ ಅಪ್ಪನಿಗಿಂತ ಮಗನ ಚಿತ್ರಗಳಿಗೇ ಬೇಡಿಕೆ ಜಾಸ್ತಿ.

ಈಗ ಕುಡಿತದ ವಿಷಯ. ನಿಮ್ಮ ಚಿತ್ರಕ್ಕೆ ನೇರ ಸಂಬಂಧ ಇರುವುದು ಇದಕ್ಕೇ.

ಕುಡಿಯುತ್ತಿದ್ದದ್ದು ನಿಜ. 1807ರಲ್ಲಿ ಓಸಾಕಾದಲ್ಲಿ ಇವನ ಜೊತೆ ಒಂದೇ ಕಡೆ ಉಳಿದಿದ್ದ ತಾನೊಮುರಾ ಚಿಕುದೆನ್ ಎಂಬ ಕಿರಿಯ ಚಿತ್ರಕಾರ ಇದನ್ನು ಬರೆದಿಟ್ಟಿದ್ದಾನೆ. ಗ್ಯೊಕುದೋ ಬೆಳಿಗ್ಗೆ ಬೇಗ ಏಳುತ್ತಿದ್ದ. ಕೋಣೆ ಗುಡಿಸಿ, ಧೂಪ ಹಚ್ಚಿ, ಕಿನ್ ನುಡಿಸುತ್ತಿದ್ದ. ಆಮೇಲೆ ‘ಸಾಕೆ’, ಅಂದರೆ ಅಕ್ಕಿಯ ಮದ್ಯ. ಚಿತ್ರಕ್ಕೆ ಕೈ ಹಾಕುತ್ತಿದ್ದದ್ದು ಅಮಲೇರಿದಾಗ. ಅಮಲು ಇಳಿದರೆ ಕುಂಚ ಕೆಳಗಿಡುತ್ತಿದ್ದ. ಮತ್ತೆ ಅಮಲೇರಿದಾಗ ಮುಂದುವರಿಕೆ. ಹೀಗೆ ಒಂದು ಚಿತ್ರ ಮುಗಿಯಲು ಹತ್ತು ಸಲವಾದರೂ ಅಮಲೇರಬೇಕಿತ್ತು.

ಸಂತೆಯ ಕಥೆಯಲ್ಲಿ ‘ಅಮಲು’ ಉಳಿದುಕೊಂಡಿದೆ, ‘ಹತ್ತು ಸಲ’ ಬಿದ್ದುಹೋಗಿದೆ. ಬಿದ್ದುಹೋದದ್ದೇ ಮುಖ್ಯ. ಹತ್ತು ಸಲ ಕೂತು ಬರೆದ ಚಿತ್ರ ಒಂದೇ ಸಲ ಬೀಸಿ ಬಳಿದ ಚಿತ್ರದ ಹಾಗೆ ಕಾಣಲು ಸಾಧ್ಯವಿಲ್ಲ. ಅಸಲಿ ಗ್ಯೊಕುದೋ ಚಿತ್ರವನ್ನು ಭೂತಗನ್ನಡಿ ಹಿಡಿದು ನೋಡಿ. ತಳದಲ್ಲಿ ತೀರಾ ತೆಳು ಮಸಿ. ಅದು ಒಣಗಿದ ಮೇಲೆ ಸ್ವಲ್ಪ ಗಾಢ. ಮತ್ತೆ ಒಣಗಿದ ಮೇಲೆ ಇನ್ನೂ ಗಾಢ. ಕುಂಚದಲ್ಲಿ ನೀರು ಕಡಿಮೆ, ಹಾಗಾಗಿ ಗೆರೆ ಹರಡುವುದಿಲ್ಲ, ಕಾಗದಕ್ಕೆ ಉಜ್ಜಿದ ಹಾಗೆ ತರಿತರಿಯಾಗಿ ನಿಲ್ಲುತ್ತದೆ. ಅಡ್ಡಡ್ಡ ಸಣ್ಣ ಹೊಡೆತಗಳು ಒಂದರ ಮೇಲೊಂದು ಬಂದು ಬೆಟ್ಟವಾಗುತ್ತವೆ. ಪದರಗಳ ನಡುವೆ ಎಲ್ಲೋ ಒಂದು ಕಡೆ ಬಿಳಿ ಕಾಗದ ಹಾಗೇ ಉಳಿದಿರುತ್ತದೆ. ದೂರದಿಂದ ನೋಡಿದರೆ ಬೆಟ್ಟವೇ ನಡುಗುತ್ತಿದೆ ಅನ್ನಿಸುತ್ತದೆ. ಹತ್ತಿರ ಹೋದರೆ ಅವಸರದ ಗುರುತೇ ಇಲ್ಲ.

ಇದಕ್ಕೆ ಒಳ್ಳೆಯ ಉದಾಹರಣೆ ‘ತೋಉನ್ ಶಿಸೆತ್ಸು’. ಹೆಪ್ಪುಗಟ್ಟಿದ ಮೋಡ ಹಿಮ ಜರಡಿ ಹಿಡಿಯುತ್ತಿರುವ ದೃಶ್ಯ, ಸುಮಾರು 133 ಸೆಂಟಿಮೀಟರ್ ಎತ್ತರ. ಹಿಮ ಎಂದು ಕಾಣುವುದು ಮಸಿ ಮುಟ್ಟಿಸದೆ ಬಿಟ್ಟ ಕಾಗದ. ಬೂದು ಬಣ್ಣದ ಚಳಿಯ ನಡುವೆ ಸಣ್ಣ ಸಣ್ಣ ಕೆಂಪು ಚುಕ್ಕೆಗಳು. ಎರಡನೇ ಮಹಾಯುದ್ಧ ಮುಗಿದ ನಂತರದ ವರ್ಷಗಳಲ್ಲಿ ಇದನ್ನು ಕೊಂಡವನು ಮುಂದೆ 1968ರಲ್ಲಿ ನೊಬೆಲ್ ಪಡೆದ ಕಾದಂಬರಿಕಾರ ಯಾಸುನಾರಿ ಕವಾಬಾಟಾ. ಇವತ್ತು ಅದು ಜಪಾನಿನ ರಾಷ್ಟ್ರೀಯ ನಿಧಿಗಳ ಪಟ್ಟಿಯಲ್ಲಿದೆ.

ನನ್ನ ಮೇಜಿಗೆ ಬಂದ ‘ಗ್ಯೊಕುದೋ’ಗಳಲ್ಲಿ ಅನುಮಾನದವು ಬಹುತೇಕ ಒಂದೇ ಥರ. ಒದ್ದೆ ಕುಂಚ, ಹರಡಿದ ಮಸಿ, ಆವೇಶ. ಮಾಡಿದವರು ಕುಡುಕ ಚಿತ್ರಕಾರನ ಕಥೆ ಕೇಳಿ ಆ ಕಥೆಯನ್ನೇ ಬರೆದಿದ್ದಾರೆ. ಕೊಳ್ಳುವವರೂ ಅದೇ ಕಥೆ ಕೇಳಿರುತ್ತಾರೆ, ಹಾಗಾಗಿ ನಂಬುತ್ತಾರೆ. ನೀವು ಬರೆದ ವರ್ಣನೆ ಓದಿದಾಗ ನನಗೆ ಮೊದಲು ಅನುಮಾನ ಬಂದದ್ದು ಇಲ್ಲಿಯೇ.

ಎರಡನೆಯದು ಸಹಿ. ಉರಗಾಮಿ ಸಾಮಾನ್ಯವಾಗಿ ‘ಗ್ಯೊಕುದೋ ಕಿನ್‌ಶಿ’ ಎಂದು ನಾಲ್ಕು ಅಕ್ಷರದಲ್ಲಿ ಸಹಿ ಹಾಕುತ್ತಿದ್ದ. ಕಿನ್ ನುಡಿಸುವ ಗ್ಯೊಕುದೋ ಎಂದು. ಚಿತ್ರದ ಮೇಲೂ ತನ್ನನ್ನು ವಾದ್ಯಗಾರ ಎಂದೇ ಕರೆದುಕೊಂಡ. ನಿಮ್ಮ ಚಿತ್ರದಲ್ಲಿ ಇರುವುದು ಎರಡೇ ಅಕ್ಷರ ಎನ್ನುತ್ತೀರಿ. ಅದು ನನ್ನನ್ನು ಇನ್ನೊಬ್ಬನ ಕಡೆಗೆ ಒಯ್ಯುತ್ತದೆ: ಕವಾಇ ಗ್ಯೊಕುದೋ. 1873ರಲ್ಲಿ ಹುಟ್ಟಿ 1957ರಲ್ಲಿ ತೀರಿಕೊಂಡ, ಅವನೂ ಪ್ರಕೃತಿ ದೃಶ್ಯಗಳಿಗೇ ಹೆಸರಾದವನು, ಬರೆಯುವ ಅಕ್ಷರಗಳೂ ಅವೇ. ಇಬ್ಬರಿಗೂ ಸಂಬಂಧವಿಲ್ಲ. ಸಂತೆಗಳಲ್ಲಿ ‘ಗ್ಯೊಕುದೋ’ ಎಂದು ಕೂಗಿದರೆ ಹೆಚ್ಚಾಗಿ ಇವನೇ, ಅದರಲ್ಲೂ ಇವನ ಚಿತ್ರಗಳ ಅಚ್ಚಿನ ಪ್ರತಿಗಳು. ಆದರೆ ಕವಾಇಯ ಕೈ ನಯವಾದದ್ದು. ಗದ್ದೆ, ನೀರಿನ ಚಕ್ರ, ಮಳೆ, ಹಳ್ಳಿಯ ದಾರಿ. ಮಸಿ ಚೆಲ್ಲಿದ ಬೆಟ್ಟ ಅವನ ದಾರಿಯಲ್ಲ. ಹಾಗಾಗಿ ನಿಮ್ಮದರಲ್ಲಿ ಸಹಿ ಒಬ್ಬನ ಥರ, ವಿಷಯ ಇನ್ನೊಬ್ಬನ ಥರ. ಇಬ್ಬರನ್ನೂ ಸರಿಯಾಗಿ ನೋಡದ ಮೂರನೆಯ ಕೈ ಇರಬಹುದು.

ಕಂಕುಳಲ್ಲಿ ಕಿನ್ ಹಿಡಿದ ಮುದುಕನನ್ನು ನೋಡಿ ಆಸೆ ಇಟ್ಟುಕೊಳ್ಳಬೇಡಿ. ಚೀನೀ ಪಂಡಿತರ ಮಾದರಿಯಲ್ಲಿ ಚಿತ್ರ ಬರೆದ ಜಪಾನೀಯರೆಲ್ಲರಲ್ಲೂ ಆ ಮುದುಕ ಸಿಗುತ್ತಾನೆ. ಪೆಟ್ಟಿಗೆಯೂ ಸಾಕ್ಷಿಯಲ್ಲ. ಪೆಟ್ಟಿಗೆಯ ಮೇಲೆ ಚಿತ್ರಕಾರನೇ ಬರೆದು ಸಹಿ ಹಾಕುವ ರೂಢಿ ಹೆಚ್ಚಾಗಿ ಬೆಳೆದದ್ದು ಆಧುನಿಕ ಕಾಲದಲ್ಲಿ. ಎದೋ ಕಾಲದ ಚಿತ್ರಗಳ ಪೆಟ್ಟಿಗೆ ಮೇಲೆ ಇರುವುದು ಸಾಮಾನ್ಯವಾಗಿ ಮುಂದೆ ಬಂದ ಪರಿಣತರ ಬರಹ. ಒಳ್ಳೆಯ ಪೆಟ್ಟಿಗೆಗೆ ಬೇರೆ ಚಿತ್ರ ಹಾಕಿ ಮಾರುವುದು ಹಳೇ ಆಟ. ಪೆಟ್ಟಿಗೆಯ ಅಳತೆಗೂ ಸುರುಳಿಯ ಅಳತೆಗೂ ಸರಿಹೊಂದುತ್ತದಾ, ಅದನ್ನು ಮೊದಲು ನೋಡಿ.

ಹಾಗೆಂದು ಎಲ್ಲ ನಕಲನ್ನೂ ಮೋಸ ಎನ್ನಲಾಗದು. ಆ ಪರಂಪರೆಯಲ್ಲಿ ಹಿರಿಯರ ಚಿತ್ರ ನೋಡಿ ಬರೆಯುವುದೇ ಪಾಠ. ಯಾರೋ ಭಕ್ತಿಯಿಂದ ಬರೆದದ್ದಕ್ಕೆ ಮುಂದೆ ಇನ್ಯಾರೋ ಸಹಿ ಸೇರಿಸಿರಬಹುದು. ಸಹಿಯ ಮಸಿ, ಚಿತ್ರದ ಮಸಿ ಎರಡೂ ಒಂದೇ ಬಣ್ಣಕ್ಕಿವೆಯಾ ಎಂದು ಹಗಲು ಬೆಳಕಲ್ಲಿ ನೋಡಿ. ಭೂತಗನ್ನಡಿಯಲ್ಲಿ ಸಾಲುಸಾಲು ಚುಕ್ಕೆ ಕಂಡರೆ ಅದು ಆಫ್‌ಸೆಟ್ ಅಚ್ಚು, ಅಲ್ಲಿಗೆ ಮಾತು ಮುಗಿಯಿತು. ಚುಕ್ಕೆ ಇಲ್ಲ ಅಂದಮಾತ್ರಕ್ಕೆ ಕೈಬರಹ ಎಂದುಕೊಳ್ಳಬೇಡಿ. ಕೊಲೋಟೈಪ್ ಎಂಬ ಹಳೇ ಅಚ್ಚಿನಲ್ಲಿ ಚುಕ್ಕೆಗಳಿರುವುದಿಲ್ಲ, ಮರಳಿನಂಥ ಸಣ್ಣ ತರಿ ಇರುತ್ತದೆ. ಬೆಳಕು ಓರೆಯಾಗಿ ಬೀಳುವಂತೆ ಹಿಡಿದರೆ ಗಾಢ ಮಸಿಯೂ ತೆಳು ಮಸಿಯೂ ಒಂದೇ ಪದರವಾಗಿ ಚಪ್ಪಟೆ ಕಾಣುತ್ತವೆ.

ಈಗ ಮುಂದೇನು? ದುಡ್ಡು ಖರ್ಚು ಮಾಡುವ ಮೊದಲು ಅಸಲಿ ನೋಡಿ ಬನ್ನಿ. ನೀವಿರುವ ಓಸಾಕಾದಿಂದ ಒಕಾಯಾಮಾಕ್ಕೆ ಶಿಂಕಾನ್‌ಸೆನ್ ಬುಲೆಟ್ ರೈಲಿನಲ್ಲಿ ಒಂದು ಗಂಟೆಯೂ ಬೇಡ. ಅಲ್ಲಿನ ಪ್ರಾಂತೀಯ ಕಲಾ ಸಂಗ್ರಹಾಲಯದಲ್ಲಿ ಗ್ಯೊಕುದೋ ಚಿತ್ರಗಳಿವೆ. ಮಸಿಯ ಚಿತ್ರಗಳನ್ನು ವರ್ಷಪೂರ್ತಿ ತೂಗುಹಾಕುವುದಿಲ್ಲ, ಸರದಿ ಮೇಲೆ ಹೊರತೆಗೆಯುತ್ತಾರೆ. ಆದ್ದರಿಂದ ಮೊದಲು ವಿಚಾರಿಸಿ ಹೋಗಿ. ಒಂದು ಚಿತ್ರದ ಮುಂದೆ ಸುಮ್ನೆ ನಿಂತು ಪದರ ಎಣಿಸಿ. ಮನೆಗೆ ಬಂದು ನಿಮ್ಮದನ್ನು ಬಿಚ್ಚಿದರೆ ನಾನು ಇಷ್ಟುದ್ದ ಬರೆದದ್ದು ನಿಮಗೆ ಒಂದು ನಿಮಿಷದಲ್ಲಿ ಕಾಣುತ್ತದೆ. ಆಮೇಲೂ ಅನುಮಾನ ಉಳಿದರೆ ಪರಿಣತರ ಹತ್ತಿರ ಹೋಗಿ. ಸಂಗ್ರಹಾಲಯದವರು ಬೆಲೆ ಕಟ್ಟಿಕೊಡುವುದಿಲ್ಲ, ಅದು ಅವರ ಕೆಲಸವಲ್ಲ. ವ್ಯಾಪಾರಿಗಳು ಹೇಳುತ್ತಾರೆ. ಆದರೆ ಹೇಳುವವರೇ ಕೊಳ್ಳುವವರೂ ಆಗಿದ್ದರೆ ಆ ಬೆಲೆಯನ್ನು ಅರ್ಧ ಕಿವಿಯಲ್ಲಿ ಕೇಳಿ. ಶುಲ್ಕ ತೆಗೆದುಕೊಂಡು ಪರೀಕ್ಷಿಸುವವರೂ ಇದ್ದಾರೆ. ನಿಮ್ಮ ಚಿತ್ರದ ಬೆಲೆಗಿಂತ ಶುಲ್ಕವೇ ಜಾಸ್ತಿಯಾಗಬಹುದು. ನಾನಾದರೆ ಈ ಹಂತದಲ್ಲಿ ಆ ಖರ್ಚಿಗೆ ಹೋಗುವುದಿಲ್ಲ.

ಕಂದು ಚುಕ್ಕೆಗಳ ಬಗ್ಗೆ ನಿಮ್ಮ ಮನೆಯವರು ಹೇಳಿದ್ದು ಬಹುತೇಕ ಸರಿ. ತೇವದಲ್ಲಿ ಬೆಳೆದ ಬೂಷ್ಟು, ಕಾಗದದೊಳಗಿನ ಕಬ್ಬಿಣದ ಕಣ, ಎರಡೂ ಇಂಥ ಕಲೆ ಬಿಡುತ್ತವೆ. ಮುಟ್ಟಿದರೆ ಪುಡಿ ಬರುವ, ಮುಗ್ಗಲು ವಾಸನೆಯ ಚುಕ್ಕೆ ಇದ್ದರೆ ಬೂಷ್ಟು ಇನ್ನೂ ಜೀವಂತ. ಬೇರೆ ಸುರುಳಿ, ಪುಸ್ತಕಗಳಿಂದ ದೂರ ಇಡಿ. ಒಣಗಿದ ಹಳೇ ಕಲೆಯಾದರೆ ಅವಸರವಿಲ್ಲ. ಒದ್ದೆ ಬಟ್ಟೆ, ಬ್ಲೀಚು, ರಬ್ಬರು ಯಾವುದೂ ಬೇಡ. ಬಿಸಿಲಿಗೂ ಹಾಕಬೇಡಿ. ಜಪಾನಿನಲ್ಲಿ ಒಣಹವೆಯ ದಿನ ನೋಡಿ ನೆರಳಲ್ಲಿ ತೂಗುಹಾಕಿ ಗಾಳಿಯಾಡಿಸುತ್ತಾರೆ, ಅದೇ ಸಾಕು.

ಹಿಂದಿನ ಕಾಗದ ಬದಲಿಸುವ ಸಲಹೆಗೆ ನನ್ನ ಉತ್ತರ: ಈಗ ಬೇಡ. ಸುರುಳಿ ಚಿತ್ರ ಎಂದರೆ ತೆಳು ಕಾಗದದ ಹಿಂದೆ ಹಲವು ಪದರ ಕಾಗದ, ಸುತ್ತ ಬಟ್ಟೆ, ಎಲ್ಲವೂ ಗೋಧಿಯ ಗಂಜಿಯಿಂದ ಅಂಟಿಸಿದ್ದು. ಗಂಜಿಯ ಅಂಟಿನ ಗುಣ ಏನೆಂದರೆ ನೂರು ವರ್ಷದ ನಂತರವೂ ನೀರು ತಾಗಿಸಿ ಬಿಡಿಸಬಹುದು. ಹಾಗೆ ಬಿಡಿಸುವಾಗ ಚಿತ್ರದ ಬೆನ್ನಿಗೆ ನೇರ ಅಂಟಿದ ಕಾಗದವನ್ನೂ ತೆಗೆಯಬೇಕಾಗುತ್ತದೆ. ಕೈ ತಪ್ಪಿದರೆ ಮಸಿಯ ಮೇಲಿನ ಹಳೇ ಮೆರುಗು ಹೋಗುತ್ತದೆ, ಬಣ್ಣ ಜರುಗುತ್ತದೆ, ಕೆಂಪು ಮುದ್ರೆ ಕದಡುತ್ತದೆ. ಒಳ್ಳೆಯ ಕೆಲಸಗಾರರು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಾರೆ, ಖರ್ಚು ನೀವು ಚಿತ್ರಕ್ಕೆ ಕೊಟ್ಟದ್ದಕ್ಕಿಂತ ಎಷ್ಟೋ ಪಟ್ಟು. ಅಗ್ಗದಲ್ಲಿ ಬೇಗ ಮಾಡಿಕೊಡುವ ಇನ್ನೊಂದು ದಾರಿ ಇದೆ. ಬಿಸಿ ಯಂತ್ರದಲ್ಲಿ ರಾಸಾಯನಿಕ ಅಂಟಿನ ಹಾಳೆ ಒತ್ತಿಬಿಡುತ್ತಾರೆ. ಹಾಗೆ ಒತ್ತಿದ ಒಂದು ಚಿತ್ರ ನನ್ನ ಹತ್ತಿರ ಬಂದಿತ್ತು. ನೋಡಲು ಇಸ್ತ್ರಿ ಹಾಕಿದಷ್ಟು ನೀಟು. ಒಂದು ಮೂಲೆ ಎಬ್ಬಿಸಲು ಹೋದರೆ ಅಂಟು ಬಿಡಲಿಲ್ಲ, ಚಿತ್ರದ ಕಾಗದವೇ ಸೀಳಿಕೊಂಡು ಬಂತು. ಅಲ್ಲಿಗೆ ಕೈಬಿಟ್ಟೆ. ಯಾವ ಅಂಗಡಿಗೆ ಹೋದರೂ ಗಂಜಿಯ ಅಂಟೋ ಯಂತ್ರವೋ ಎಂದು ಮೊದಲೇ ಕೇಳಿ. ನಿಮ್ಮದರಲ್ಲಿ ಎದ್ದಿರುವುದು ಅಂಚು ಮಾತ್ರ ಆದ್ದರಿಂದ ಅಷ್ಟನ್ನೇ ಗಂಜಿಯಲ್ಲಿ ಕೂರಿಸಿಕೊಡಲು ಹೇಳಬಹುದು. ಸೆಲ್ಲೋಟೇಪ್ ಮಾತ್ರ ಮುಟ್ಟಿಸಬೇಡಿ.

ಊರಿಗೆ ತರುವುದಕ್ಕೆ ಕಾನೂನಿನ ದೊಡ್ಡ ಅಡ್ಡಿ ಕಾಣುವುದಿಲ್ಲ. ರಾಷ್ಟ್ರೀಯ ನಿಧಿ, ಮುಖ್ಯ ಸಾಂಸ್ಕೃತಿಕ ಆಸ್ತಿ ಎಂದು ಗುರುತಿಸಿದವನ್ನು ಜಪಾನಿನಿಂದ ಹೊರಗೆ ಒಯ್ಯುವ ಹಾಗಿಲ್ಲ. ಉಳಿದವಕ್ಕೆ, ಇದು ಆ ಪಟ್ಟಿಯದ್ದಲ್ಲ ಎಂದು ಅಲ್ಲಿನ ಸಂಸ್ಕೃತಿ ಇಲಾಖೆಯಿಂದ ಪ್ರಮಾಣಪತ್ರ ಪಡೆಯಬಹುದು. ಹಳೇ ಚಿತ್ರ ಎಂದು ಕಸ್ಟಮ್ಸ್‌ನವರು ತಡೆದರೆ ಅದು ಕೆಲಸಕ್ಕೆ ಬರುತ್ತದೆ. ಕೊಂಡ ರಸೀದಿ ಇದ್ದರೆ ಇಟ್ಟುಕೊಳ್ಳಿ. ಅದರ ಮೇಲೆ ಚಿತ್ರಕಾರನ ಹೆಸರು ಏನೆಂದು ಬರೆದಿದ್ದಾರೆ ಎಂದೂ ಗಮನಿಸಿ. ಬಾಯಲ್ಲಿ ಗ್ಯೊಕುದೋ ಎಂದವರು ರಸೀದಿಯಲ್ಲಿ ಬರೇ ‘ಸುರುಳಿ, ಒಂದು’ ಎಂದು ಬರೆದಿರುವುದೂ ಉಂಟು.

ನನಗೆ ನಿಜವಾದ ಚಿಂತೆ ಇರುವುದು ಮಂಗಳೂರಿನ ಮಳೆಗಾಲದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಿತ್ರ ಗೋಡೆ ಮೇಲೆ ಇರಬಾರದು, ಅದರಲ್ಲೂ ಹೊರಗಡೆ ಮಳೆ ಬಡಿಯುವ ಗೋಡೆಯ ಮೇಲೆ. ಸಡಿಲವಾಗಿ ಸುತ್ತಿ, ಅದರ ಮರದ ಪೆಟ್ಟಿಗೆಯಲ್ಲೇ ಇಟ್ಟು, ಒಣ ಕಪಾಟಿನ ಮೇಲಿನ ಹಲಗೆಗೆ ಸೇರಿಸಿ. ಪೆಟ್ಟಿಗೆ ಜೊತೆ ಸಿಲಿಕಾ ಜೆಲ್ ಇಟ್ಟು ಅದನ್ನು ಆಗಾಗ ಬದಲಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದರೆ ಒಳಗೇ ಬೆವರುತ್ತದೆ. ಬಿಗಿಯಾಗಿ ಸುತ್ತಿದರೆ ಮಡಿಕೆ ಬಿದ್ದು ಮಸಿ ಒಡೆಯುತ್ತದೆ, ಅದಕ್ಕೆ ಸುರುಳಿಯ ತುದಿಯ ಕೋಲಿನ ಸುತ್ತ ಹಾಕುವ ದಪ್ಪ ಮರದ ಹೊದಿಕೆ ಜಪಾನಿನಲ್ಲೇ ಸಿಗುತ್ತದೆ, ಒಂದು ತನ್ನಿ. ಗಂಜಿಯ ಅಂಟು ಅಂದರೆ ಹುಳಕ್ಕೆ ಹಬ್ಬ. ಪುಸ್ತಕ ತಿನ್ನುವ ಬೆಳ್ಳಿ ಬಣ್ಣದ ಹುಳ ಮೊದಲು ಹೋಗುವುದು ಅಲ್ಲಿಗೇ. ಹಾಗಂತ ಮನೆಯವರು ಕಪಾಟಿಗೆ ನ್ಯಾಫ್ತಲೀನ್ ಗುಳಿಗೆಯನ್ನೂ ಕರ್ಪೂರವನ್ನೂ ಒಟ್ಟಿಗೆ ಹಾಕದಂತೆ ನೋಡಿಕೊಳ್ಳಿ. ಎರಡೂ ಸೇರಿದರೆ ನಮ್ಮ ಸೆಕೆಗೆ ಕರಗಿ ನೀರಾಗುತ್ತವೆ, ಆ ಕಲೆ ಕಾಗದದಿಂದ ಹೋಗುವುದಿಲ್ಲ. ಯಾವುದಾದರೂ ಒಂದು, ಅದೂ ಪೆಟ್ಟಿಗೆಯ ಹೊರಗೆ.

ಚಿತ್ರದ ಬಗ್ಗೆ ಖಚಿತವಾಗಿ ಹೇಳಬೇಕೆಂದರೆ ನನಗೆ ಇಡೀ ಸುರುಳಿಯ ಒಂದು ಫೋಟೊ, ಸಹಿ ಮತ್ತು ಮುದ್ರೆಯದ್ದು ಹತ್ತಿರದಿಂದ, ಮುಚ್ಚಳದ ಒಳಗೆ ಹೊರಗೆ ಎರಡೂ, ಮತ್ತೆ ಬೆಟ್ಟದ ಮಸಿ ಅತಿ ಗಾಢವಾಗಿರುವ ಜಾಗದ್ದು ಬೇಕು. ಕಿಟಕಿಯ ಬೆಳಕಲ್ಲಿ ತೆಗೆಯಿರಿ, ಫ್ಲಾಶ್ ಬೇಡ.